ಕೆರೆಯ ಜೊಂಡಿಗೆ ಗಾಳಿ ಎಲ್ಲಿಂದ?

ಕುಂಡದ ಗುಲಾಬಿಗೆ ಪ್ರೀತಿಯಿಂದ ದಿನಕ್ಕೆ ಮೂರು ಸಲ ನೀರು ಸುರಿದರೆ ಕೆಲವೇ ವಾರಗಳಲ್ಲಿ ಎಲೆ ಹಳದಿಯಾಗಿ ಗಿಡ ಸಾಯುತ್ತದೆ. ಬಿ.ಟಿ.ಎಂ. ಬಡಾವಣೆಯ ಪಕ್ಕದ ಮಡಿವಾಳ ಕೆರೆಯ ಅಂಚಿನಲ್ಲಿ ಜೊಂಡು ಮಾತ್ರ ವರ್ಷವಿಡೀ ಕೆಸರಿನಲ್ಲೇ ನಿಂತು ಆಳೆತ್ತರ ಬೆಳೆಯುತ್ತದೆ. ಇದು ಹೇಗೆಂದು ತಿಳಿದಿದ್ದರೆ, ಭಾನುವಾರ ಕುಡುಗೋಲು ಹಿಡಿದು ಕೆರೆ ಸ್ವಚ್ಛತೆಗೆ ಹೊರಡುವ ನಮ್ಮ ಯುವಕರ ಶ್ರಮ ವ್ಯರ್ಥವಾಗದು.

ಬೇರಿಗೂ ಉಸಿರು ಬೇಕು. ಎಲೆ ಕಳಿಸಿದ ಸಕ್ಕರೆಯಿಂದ ಶಕ್ತಿ ಪಡೆಯಲು ಬೇರಿನ ಪ್ರತಿಯೊಂದು ಜೀವಕೋಶಕ್ಕೂ ಆಮ್ಲಜನಕ ಬೇಕು. ಸಾಧಾರಣ ಮಣ್ಣಿನ ಕಣಗಳ ನಡುವೆ ಗಾಳಿ ಇರುತ್ತದೆ. ನೀರು ನಿಂತರೆ ಆ ಜಾಗವೆಲ್ಲ ನೀರೇ ತುಂಬುತ್ತದೆ. ಒಂದು ಲೀಟರ್ ನೀರಿನಲ್ಲಿ ಕರಗುವ ಆಮ್ಲಜನಕ 8 ಮಿಲಿಗ್ರಾಂ ಆಸುಪಾಸು. ಒಂದು ಲೀಟರ್ ಗಾಳಿಯಲ್ಲಿ ಅದರ 30 ಪಟ್ಟಿಗೂ ಹೆಚ್ಚು ಇದೆ. ಸಾಲದೆಂಬಂತೆ, ನಿಂತ ನೀರಿನಲ್ಲಿ ಅದು ಹರಡುವುದು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನ. ಇದ್ದಷ್ಟನ್ನು ಕೆಸರಿನ ಸೂಕ್ಷ್ಮಜೀವಿಗಳು ಮುಗಿಸಿದ ಮೇಲೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಅದು ಬೇರಿಗೆ ವಿಷ. ಗುಲಾಬಿಯ ಬೇರು ಸಾಯುವುದು ಹೀಗೆ ಗಾಳಿಯಿಲ್ಲದೆ.

ಜೌಗಿನ ಸಸ್ಯಗಳಿಗಿರುವ ವ್ಯವಸ್ಥೆಯನ್ನು ಅಡುಗೆಮನೆಯಲ್ಲೇ ನೋಡಬಹುದು. ನಾವು ಕಮಲ್ ಕಕ್ಡಿ ಎಂದು ಕೊಂಡು ತರುವ ತಾವರೆ ಗಡ್ಡೆಯನ್ನು ಅಡ್ಡಕ್ಕೆ ಕತ್ತರಿಸಿದರೆ ಸುತ್ತಲೂ ದೊಡ್ಡ ತೂತುಗಳು. ಬೇರು ಎಂದು ಕರೆದರೂ ಅದು ಕೆಸರಿನೊಳಗೆ ಅಡ್ಡಲಾಗಿ ಬೆಳೆಯುವ ಕಾಂಡ. ಆ ತೂತುಗಳು ಗಾಳಿಯ ಕೊಳವೆಗಳು. ಬಿಸಿಲಿಗೆ ಕಾದ ಎಲೆಯೊಳಗೆ ಒತ್ತಡ ಏರಿ, ಗಾಳಿ ತೊಟ್ಟಿನೊಳಗಿಂದ ಗಡ್ಡೆಗೆ ಇಳಿಯುತ್ತದೆ. ಜೊಂಡಿನ ಎಲೆಯನ್ನು ಸೀಳಿದರೂ ಸಾಲುಸಾಲು ಗಾಳಿಕೋಣೆಗಳು ಕಾಣುತ್ತವೆ. ಜೊಂಡಿನ ಚಾಪೆ ಅಷ್ಟು ಹಗುರವಾಗಿರುವುದು ಇದರಿಂದಲೇ. ಗಾಳಿ ತುಂಬಿದ ಈ ಅಂಗಾಂಶಕ್ಕೆ ಏರೆಂಕೈಮ ಎಂದು ಹೆಸರು.

ಭತ್ತದ ಬೇರಿನದು ಇನ್ನೂ ವಿಚಿತ್ರ. ಗದ್ದೆಯಲ್ಲಿ ನೀರು ನಿಂತಾಗ ಬೇರಿನಲ್ಲಿ ಎಥಿಲೀನ್ ಅನಿಲ ಹೊರಹೋಗಲಾರದೆ ಉಳಿಯುತ್ತದೆ. ಬಾಳೆಹಣ್ಣನ್ನು ಮಾಗಿಸುವ ಅನಿಲವೂ ಇದೇ. ಅದರ ಸೂಚನೆಗೆ ಬೇರಿನ ಒಳಗಿನ ಕೆಲವು ಕೋಶಗಳು ಸತ್ತು ಇನ್ನಷ್ಟು ಗಾಳಿಗೆ ದಾರಿ ಬಿಡುತ್ತವೆ. ಹೊರಪದರ ಬಿರಡೆಯಂತೆ ಬಿಗಿಯಾಗುವುದರಿಂದ ಗಾಳಿ ನಡುದಾರಿಯಲ್ಲಿ ಸೋರದೆ ತುದಿಯವರೆಗೆ ತಲುಪುತ್ತದೆ. ತುದಿಯ ಬಳಿ ಸೋರಿದ ಆಮ್ಲಜನಕ ಕೆಸರಿನ ಕಬ್ಬಿಣವನ್ನು ತುಕ್ಕಾಗಿಸುತ್ತದೆ. ಗದ್ದೆಯಿಂದ ಕಿತ್ತ ಪೈರಿನ ಬೇರಿನ ಮೇಲೆ ಕಾಣುವ ಕೆಂಗಂದು ಬಣ್ಣ ಅದೇ.

ಕೆರೆಗೆ ಲಾಭವಿರುವುದು ಈ ಸೋರಿಕೆಯಲ್ಲಿ. ಚರಂಡಿ ನೀರಿನ ಅಮೋನಿಯಾವನ್ನು ಜೊಂಡಿನ ಬೇರಿನ ಸುತ್ತಲಿನ ಬ್ಯಾಕ್ಟೀರಿಯಾ ಆಮ್ಲಜನಕ ಬಳಸಿ ನೈಟ್ರೇಟ್ ಮಾಡುತ್ತವೆ. ಸ್ವಲ್ಪ ಆಚೆ, ಗಾಳಿಯಿಲ್ಲದ ಕೆಸರಿನಲ್ಲಿ ಬೇರೆ ಬ್ಯಾಕ್ಟೀರಿಯಾ ಅದನ್ನು ಸಾರಜನಕ ಅನಿಲವಾಗಿಸಿ ಬಿಟ್ಟುಬಿಡುತ್ತವೆ. ಆದ್ದರಿಂದ ನೀರು ಒಳಬರುವ ಕಡೆಯ ಜೊಂಡನ್ನು ಕಸವೆಂದು ಬುಡಸಮೇತ ತೆಗೆಯುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಹಾಗೆಂದು ಬಿಟ್ಟೇಬಿಟ್ಟರೆ ಅದು ಕೆರೆಯನ್ನೇ ತುಂಬಿಕೊಳ್ಳುತ್ತದೆ, ಕೊಳೆತು ಹೀರಿದ್ದನ್ನೆಲ್ಲ ನೀರಿಗೇ ಮರಳಿಸುತ್ತದೆ. ಕತ್ತರಿಸಿ ದಡಕ್ಕೆ ಸಾಗಿಸಬೇಕು. ಎಲ್ಲಿ ಕತ್ತರಿಸುತ್ತೇವೆ ಎಂಬುದು ಮುಖ್ಯ: ನೀರಿನ ಮಟ್ಟಕ್ಕಿಂತ ಗೇಣು ಮೇಲೆ ಕೊಯ್ದರೆ ಉಳಿದ ಮೋಟು, ಒಣಗಿದ್ದರೂ, ಕೆಳಗಿನ ಕಾಂಡಕ್ಕೆ ಗಾಳಿ ಕೊಡುತ್ತದೆ, ಜೊಂಡು ಮತ್ತೆ ಚಿಗುರುತ್ತದೆ. ನೀರಿನಡಿಯಲ್ಲಿ ಕೊಯ್ದರೆ ಕೊಳವೆಗೆ ನೀರು ನುಗ್ಗಿ ಬುಡ ಉಸಿರುಕಟ್ಟಿ ಸಾಯುತ್ತದೆ. ಉಳಿಸಬೇಕಾದಲ್ಲಿ ಮೊದಲನೆಯದು, ತೆಗೆಯಬೇಕಾದಲ್ಲಿ ಎರಡನೆಯದು.

ತಿಳಿನೇರಳೆ ಹೂವಿನ ವಾಟರ್ ಹಯಸಿಂತ್‌ಗೆ ಈ ದಯೆ ಬೇಡ. ಅದರ ಉಬ್ಬಿದ ತೊಟ್ಟಿನಲ್ಲೂ ಇದೇ ಏರೆಂಕೈಮ ಇದೆ, ಆದರೆ ಅಲ್ಲಿ ಅದು ತೇಲಲು. ದಟ್ಟವಾಗಿ ಹಾಸಿಕೊಂಡು ನೀರಿಗೆ ಬೆಳಕು, ಗಾಳಿ ಎರಡನ್ನೂ ತಡೆಯುತ್ತದೆ. ಅದನ್ನು ಎಳೆದು ಹಾಕಬೇಕು.

ಮರಗಳ ದಾರಿ ಬೇರೆ. ಕುಂದಾಪುರದ ಕಡೆಯವರು ಹಿನ್ನೀರಿನ ಕಾಂಡ್ಲಾ ಕಾಡಿನಲ್ಲಿ ಕೆಸರಿನಿಂದ ಮೇಲಕ್ಕೆ ಚಾಚಿದ ಬೆರಳಿನಂಥ ಬೇರುಗಳನ್ನು ನೋಡಿರುತ್ತಾರೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜೌಗಿನಲ್ಲಿ, ಬಿರಿಯಾನಿಗೆ ಹಾಕುವ ಜಾವಿತ್ರಿಯ ಕಾಡು ಬಂಧುಗಳಿವೆ. ಅವುಗಳಲ್ಲಿ ಕೆಲವು ಮೊಣಕಾಲಿನಂತೆ ಬಾಗಿದ ಬೇರನ್ನು ನೀರಿನ ಮೇಲಕ್ಕೆ ಎತ್ತಿ ಉಸಿರಾಡುತ್ತವೆ.

ಎಲ್ಲ ಮರಕ್ಕೂ ಇಂಥ ಅನುಕೂಲವಿಲ್ಲ. ಕೆರೆ ದಂಡೆಯಲ್ಲಿ ಸಸಿ ನೆಡುವವರು ನೀರು ನಿಲ್ಲುವ ತಗ್ಗಿನಲ್ಲಿ ಬೇವು ನೆಡಬಾರದು, ಅದರ ಬೇರು ತಾಳುವುದಿಲ್ಲ. ಅಲ್ಲಿಗೆ ಹೊಳೆಮತ್ತಿ, ನೇರಳೆ, ಹೊಂಗೆ ಹೊಂದುತ್ತವೆ. ಬೇವನ್ನು ಏರಿಯ ಮೇಲಿನ ಒಣ ಜಾಗದಲ್ಲಿ ನೆಡಬಹುದು.