ಗೋಲಿಸ್: ಲೈಪ್ಜಿಗ್ ಒಳಗೆ ಸೇರಿಹೋದ ಹಳ್ಳಿ

ಬೀಥೋವನ್‌ನ ಒಂಬತ್ತನೇ ಸಿಂಫನಿಯ ಕೊನೆಗೆ ಗಾಯಕವೃಂದ ಹಾಡುತ್ತದಲ್ಲ, ಆ ಕವಿತೆ ಮೊಳೆತದ್ದು ಜರ್ಮನಿಯ ಪುಟ್ಟ ಹಳ್ಳಿಯೊಂದರಲ್ಲಿ. ಹೆಸರು ಗೋಲಿಸ್.

1785ರ ಬೇಸಿಗೆ. ಕವಿ ಫ್ರೀಡ್ರಿಕ್ ಶಿಲ್ಲರ್‌ಗೆ ಆಗ ಇಪ್ಪತ್ತೈದು. ಕೈಯಲ್ಲಿ ಕಾಸಿಲ್ಲ, ತಲೆಯ ಮೇಲೆ ಸಾಲ. ಅವನ ಬರಹ ಮೆಚ್ಚಿದ ಗೆಳೆಯರು ಲೈಪ್ಜಿಗ್‌ಗೆ ಕರೆಸಿಕೊಂಡರು. ಪಟ್ಟಣದಾಚೆ, ಗೋಲಿಸ್‌ನ ರೈತನ ಮನೆಯೊಂದರಲ್ಲಿ ಅವನ ಬಿಡಾರ. ಸ್ನೇಹ ಸಿಕ್ಕ ಸಂತೋಷದಲ್ಲೇ ಆ ಆನಂದಗೀತೆಯನ್ನು ಬರೆಯತೊಡಗಿದ.

ಮುಂದಿನ ನೂರು ವರ್ಷಗಳಲ್ಲಿ ಲೈಪ್ಜಿಗ್ ಬೆಳೆಯಿತು. ಗೋಲಿಸ್‌ಗೆ ಕಾರ್ಖಾನೆಗಳು ಬಂದವು. ಇಲ್ಲಿ ನೆಲೆಯೂರಿದ ಬ್ಲೈಖರ್ಟ್ ಕಂಪನಿ ದೇಶದೇಶಗಳಿಗೆ ರೋಪ್‌ವೇ ಕಟ್ಟಿಕೊಟ್ಟಿತು! ಹೊಲಗಳಿದ್ದಲ್ಲಿ ಬಾಡಿಗೆ ಮನೆಗಳ ಸಾಲು ಎದ್ದಿತು. 1890ರಲ್ಲಿ ಹಳ್ಳಿ ಪಟ್ಟಣದೊಳಗೆ ಸೇರಿಹೋಯಿತು.

ರೈತನ ಮನೆ ಮಾತ್ರ ಉಳಿದಿದೆ. ಅದು ತಾನಾಗಿ ಉಳಿದದ್ದಲ್ಲ. 1841ರಲ್ಲಿ ರಾಬರ್ಟ್ ಬ್ಲೂಮ್ ಎಂಬ ಪ್ರಜಾಪ್ರಭುತ್ವವಾದಿ ತನ್ನ ಸಂಗಡಿಗರೊಂದಿಗೆ ಅಲ್ಲಿ ಸ್ಮಾರಕ ಫಲಕ ಹಾಕಿಸಿದ. ಆಮೇಲೆ ಶಿಲ್ಲರ್ ಅಭಿಮಾನಿಗಳ ಸಂಘ ಮನೆಯನ್ನೇ ಕೊಂಡು ಕಾಪಾಡಿತು. ಯಾವ ಅರಮನೆಗಿಂತಲೂ ಬೆಲೆಯುಳ್ಳ ಮನೆ ಅದು ಎಂದೇ ನನ್ನ ನಂಬಿಕೆ.

ಈಗ ಅದು ಮ್ಯೂಸಿಯಂ. ಲೈಪ್ಜಿಗ್‌ಗೆ ಹೋದರೆ ಗೋಲಿಸ್‌ಗೂ ಹೋಗಿ, ಆ ಮನೆ ನೋಡಿ ಬನ್ನಿ.