ಸಂಘದ ಪದಾಧಿಕಾರಿಗಳ ಆಯ್ಕೆ: ನಿಯಮ ಮತ್ತು ಲೆಕ್ಕ

ನಂಗಲಿಯು ಮುಳಬಾಗಿಲು ತಾಲ್ಲೂಕಿನಲ್ಲಿ, ಆಂಧ್ರಪ್ರದೇಶದ ಗಡಿಗೆ ಸಮೀಪದಲ್ಲಿರುವ ಊರು. ಅಲ್ಲಿಯ ಪ್ರೌಢಶಾಲಾ ಶಿಕ್ಷಕರೊಬ್ಬರನ್ನು ಕಲ್ಪಿಸಿಕೊಳ್ಳಿ. ವಿಧಾನಸಭೆಯ ಚುನಾವಣೆಯಲ್ಲಿ ಅವರು ಮತಯಂತ್ರದ ಒಂದು ಗುಂಡಿಯನ್ನು ಒತ್ತಿ ಹೊರಬರುತ್ತಾರೆ. ವಿಧಾನ ಪರಿಷತ್ತಿನ ಆಗ್ನೇಯ ಶಿಕ್ಷಕರ ಕ್ಷೇತ್ರದ ಚುನಾವಣೆಯಲ್ಲಿ ಹಾಗಲ್ಲ. ಅಲ್ಲಿ ಮತಪತ್ರದ ಮೇಲೆ ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯದ ಅಂಕಿಗಳನ್ನು ಬರೆಯಬೇಕು. ಇನ್ನು ಅವರೇ ಸದಸ್ಯರಾಗಿರುವ ವೃತ್ತಿ ಸಂಘದಲ್ಲಿ ಬಹುಶಃ ಯಾರೋ ಒಬ್ಬರು ಹೆಸರು ಸೂಚಿಸುತ್ತಾರೆ, ಮತ್ತೊಬ್ಬರು ಅನುಮೋದಿಸುತ್ತಾರೆ, ಚಪ್ಪಾಳೆಯೊಂದಿಗೆ ಆಯ್ಕೆ ಮುಗಿಯುತ್ತದೆ.

ಮತದಾರರು ಒಬ್ಬರೇ, ವಿಧಾನಗಳು ಮಾತ್ರ ಮೂರು. ಈ ವ್ಯತ್ಯಾಸ ಬರಿಯ ಪದ್ಧತಿಯದೇ, ಅಥವಾ ಫಲಿತಾಂಶವನ್ನೂ ಬದಲಿಸಬಲ್ಲದೆ? ವೈದ್ಯರು, ಎಂಜಿನಿಯರುಗಳು, ವಿಜ್ಞಾನಿಗಳು, ಶಿಕ್ಷಕರು ಕಟ್ಟಿಕೊಳ್ಳುವ ಸಂಘಗಳು ತಮ್ಮ ಪದಾಧಿಕಾರಿಗಳನ್ನು ಆರಿಸಿಕೊಳ್ಳುವ ಬಗೆಯನ್ನು ಪರಿಶೀಲಿಸಿದರೆ ಈ ಪ್ರಶ್ನೆಗೆ ಉತ್ತರ ದೊರೆಯುತ್ತದೆ.

ಸಂಘ ಎಂದರೇನು?

ನಮ್ಮ ರಾಜ್ಯದಲ್ಲಿ ಇಂತಹ ಸಂಘಗಳು ಸಾಮಾನ್ಯವಾಗಿ 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಡಿ ನೋಂದಣಿಯಾಗುತ್ತವೆ. ಕನಿಷ್ಠ ಏಳು ಮಂದಿ ಸೇರಿದರೆ ಸಂಘ ಸ್ಥಾಪಿಸಬಹುದು. ಸಂಘದ ಉದ್ದೇಶಗಳನ್ನು ತಿಳಿಸುವ ಜ್ಞಾಪನಾ ಪತ್ರ ಮತ್ತು ಆಡಳಿತದ ಕ್ರಮವನ್ನು ತಿಳಿಸುವ ನಿಯಮಾವಳಿ (ಬೈಲಾ) ಇರಬೇಕು. ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ನಡೆಸಿ, ಆಡಳಿತ ಮಂಡಳಿಯ ಸದಸ್ಯರ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಆದರೆ ಅಧ್ಯಕ್ಷರನ್ನು ಯಾವ ವಿಧಾನದಿಂದ ಆರಿಸಬೇಕು, ನಾಮಪತ್ರಕ್ಕೆ ಎಷ್ಟು ದಿನ ಕೊಡಬೇಕು, ಮತ ಎಣಿಸುವುದು ಹೇಗೆ ಎಂಬ ವಿವರಗಳು ಬಹುಮಟ್ಟಿಗೆ ಸಂಘದ ನಿಯಮಾವಳಿಗೇ ಬಿಟ್ಟ ವಿಷಯಗಳು. ಆದ್ದರಿಂದ ನಿಯಮಾವಳಿಯನ್ನು ಬರೆಯುವವರ ಜವಾಬ್ದಾರಿ ದೊಡ್ಡದು.

ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಉದಾಹರಣೆ ನೋಡಿ. ಸರ್ ಸಿ.ವಿ. ರಾಮನ್ ಅವರು ಕಟ್ಟಿದ ಈ ಅಕಾಡೆಮಿ 1934ರ ಏಪ್ರಿಲ್‌ನಲ್ಲಿ ಸಂಘವಾಗಿ ನೋಂದಣಿಯಾಯಿತು. ಅದೇ ವರ್ಷ ಜುಲೈ 31ರಂದು 65 ಮಂದಿ ಸ್ಥಾಪಕ ಫೆಲೋಗಳೊಂದಿಗೆ ಉದ್ಘಾಟನೆಯಾಯಿತು. ಆ ದಿನವೇ ಸೇರಿದ ಮೊದಲ ಸಾಮಾನ್ಯ ಸಭೆ ಎರಡು ಕೆಲಸ ಮಾಡಿತು: ರಾಮನ್ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು, ಅಕಾಡೆಮಿಯ ನಿಯಮಾವಳಿಯನ್ನು ಅಂಗೀಕರಿಸಿತು. ಸಂಘವೊಂದಕ್ಕೆ ಹುಟ್ಟಿನ ದಿನವೇ ಬೇಕಾದವು ಇವೆರಡು, ಹೊಣೆ ಹೊರುವ ವ್ಯಕ್ತಿ ಮತ್ತು ಆ ವ್ಯಕ್ತಿಯನ್ನೂ ಕಟ್ಟಿಹಾಕುವ ನಿಯಮ.

ಯಾರು ಪದಾಧಿಕಾರಿಗಳು?

ಅಧ್ಯಕ್ಷರು ಸಂಘದ ಮುಖ. ಆದರೆ ಸಭೆ ಕರೆಯುವುದು, ನಡವಳಿ ಬರೆಯುವುದು, ಪತ್ರ ವ್ಯವಹಾರ ಎಲ್ಲವೂ ಕಾರ್ಯದರ್ಶಿಯ ಪಾಲಿನವು. ಹಣದ ಲೆಕ್ಕ ಖಜಾಂಚಿಯದು. 1958ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಭಾರತೀಯ ಭೂವೈಜ್ಞಾನಿಕ ಸಂಘದ ಮೊದಲ ಅಧ್ಯಕ್ಷರು ಹೆಸರಾಂತ ಭೂವಿಜ್ಞಾನಿ ಡಿ.ಎನ್. ವಾಡಿಯಾ. ಆದರೆ ಆ ಸಂಘವನ್ನೂ ಅದರ ನಿಯತಕಾಲಿಕವನ್ನೂ ದಶಕಗಳ ಕಾಲ ಬೆಳೆಸಿದವರಲ್ಲಿ ಬಿ.ಪಿ. ರಾಧಾಕೃಷ್ಣ ಅವರ ಹೆಸರು ಮೊದಲು ಬರುತ್ತದೆ. ಆದ್ದರಿಂದ ಅಧ್ಯಕ್ಷ ಸ್ಥಾನಕ್ಕೆ ತೋರುವ ಆಸಕ್ತಿಯನ್ನೇ ಉಳಿದ ಸ್ಥಾನಗಳ ಆಯ್ಕೆಯಲ್ಲೂ ತೋರಬೇಕು.

ಎಷ್ಟು ವರ್ಷ?

ಐಸಾಕ್ ನ್ಯೂಟನ್ 1703ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷರಾದರು. 1727ರಲ್ಲಿ ತೀರಿಕೊಳ್ಳುವವರೆಗೂ ಆ ಸ್ಥಾನದಲ್ಲಿದ್ದರು. ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ 1778ರಿಂದ 1820ರವರೆಗೆ, ಅಂದರೆ ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಅಧ್ಯಕ್ಷರಾಗಿದ್ದರು. ರಾಮನ್ ಅವರೂ 1934ರಿಂದ 1970ರಲ್ಲಿ ನಿಧನರಾಗುವವರೆಗೆ ತಮ್ಮ ಅಕಾಡೆಮಿಯ ಅಧ್ಯಕ್ಷರು. ಇವರೆಲ್ಲ ದೊಡ್ಡ ವಿಜ್ಞಾನಿಗಳು, ಸಂಸ್ಥೆಗೆ ಕೀರ್ತಿ ತಂದವರು. ಆದರೂ ಈಗ ರಾಯಲ್ ಸೊಸೈಟಿಯ ಅಧ್ಯಕ್ಷರ ಅವಧಿ ಐದು ವರ್ಷ. ರಾಮನ್ ಅವರ ನಂತರ ಭಾರತೀಯ ವಿಜ್ಞಾನ ಅಕಾಡೆಮಿಯಲ್ಲೂ ಮೂರು ವರ್ಷಗಳ ಅವಧಿ ರೂಢಿಗೆ ಬಂತು. ಒಬ್ಬರೇ ಬಹುಕಾಲ ಉಳಿದರೆ ಸಂಘದ ಕೆಲಸ ಕಲಿತ ಎರಡನೆಯ ತಲೆಮಾರು ತಯಾರಾಗುವುದಿಲ್ಲ ಎಂಬುದು ಇದಕ್ಕೆ ಮುಖ್ಯ ಕಾರಣ.

ಆದರೆ ಅವಧಿ ಚಿಕ್ಕದಾದರೆ ಇನ್ನೊಂದು ತೊಂದರೆ. ಕೆಲಸ ಕಲಿಯುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಅಮೆರಿಕದ ಭೌತವಿಜ್ಞಾನ ಸಂಘ ಇದಕ್ಕೊಂದು ಉಪಾಯ ಕಂಡುಕೊಂಡಿದೆ. ಅಲ್ಲಿ ಸದಸ್ಯರು ಆರಿಸುವುದು ಉಪಾಧ್ಯಕ್ಷರನ್ನು. ಅವರು ಮರುವರ್ಷ ನಿಯೋಜಿತ ಅಧ್ಯಕ್ಷರು, ಅದರ ಮರುವರ್ಷ ಅಧ್ಯಕ್ಷರು, ನಾಲ್ಕನೆಯ ವರ್ಷ ನಿಕಟಪೂರ್ವ ಅಧ್ಯಕ್ಷರು. ಹೀಗೆ ಹೊಸಬರು, ಅನುಭವಿಗಳು ಯಾವಾಗಲೂ ಜೊತೆಯಲ್ಲಿರುತ್ತಾರೆ. ನಮ್ಮ ರಾಜ್ಯಸಭೆಯಲ್ಲಿ ಎರಡು ವರ್ಷಕ್ಕೊಮ್ಮೆ ಮೂರನೇ ಒಂದರಷ್ಟು ಸದಸ್ಯರು ನಿವೃತ್ತರಾಗುವುದರ ಹಿಂದಿನ ತತ್ವವೂ ಇದೇ. ಸಣ್ಣ ಸಂಘದ ಕಾರ್ಯಕಾರಿ ಸಮಿತಿಗೂ ಇದನ್ನು ಸುಲಭವಾಗಿ ಅಳವಡಿಸಬಹುದು.

ಅರ್ಧ ಚುನಾವಣೆ ನಾಮಪತ್ರದಲ್ಲೇ

ಮತಪತ್ರದಲ್ಲಿ ಯಾರ ಹೆಸರಿರುತ್ತದೆ ಎಂಬುದನ್ನು ನಿರ್ಧರಿಸುವವರ ಕೈಯಲ್ಲಿ ಅರ್ಧ ಫಲಿತಾಂಶ ಇರುತ್ತದೆ. ಹೆಸರು ಬರಲು ಎರಡು ದಾರಿಗಳಿವೆ.

ಮೊದಲನೆಯದು ನಮಗೆ ಪರಿಚಿತವಾದುದು. ಅರ್ಹ ಸದಸ್ಯರು ಸೂಚಕರ ಮತ್ತು ಅನುಮೋದಕರ ಸಹಿಯೊಂದಿಗೆ ನಾಮಪತ್ರ ಸಲ್ಲಿಸುವುದು. ಎರಡನೆಯದು, ಬಹಳಷ್ಟು ವೈಜ್ಞಾನಿಕ ಸಂಘಗಳಲ್ಲಿರುವ ನಾಮನಿರ್ದೇಶನ ಸಮಿತಿ. ಈ ಸಮಿತಿ ಸದಸ್ಯರಿಂದ ಸಲಹೆ ಪಡೆದು, ಯೋಗ್ಯರನ್ನು ಹುಡುಕಿ, ಅವರ ಒಪ್ಪಿಗೆ ಪಡೆದು ಪಟ್ಟಿ ಸಿದ್ಧಪಡಿಸುತ್ತದೆ. ತಾವಾಗಿ ಮುಂದೆ ಬರಲು ಸಂಕೋಚಪಡುವ ಸಮರ್ಥರು, ದೂರದ ಊರಿನವರು, ಮಹಿಳೆಯರು ಹೀಗೆ ಪಟ್ಟಿಗೆ ಬರುವ ಅವಕಾಶವಿದೆ. ಅಪಾಯವೂ ಇಲ್ಲದಿಲ್ಲ. ಅಧಿಕಾರದಲ್ಲಿರುವವರೇ ಸಮಿತಿಯನ್ನು ನೇಮಿಸಿ, ಸಮಿತಿಯು ಪ್ರತಿ ಸ್ಥಾನಕ್ಕೆ ಒಂದೇ ಹೆಸರು ಕೊಟ್ಟರೆ ಚುನಾವಣೆ ಹೆಸರಿಗೆ ಮಾತ್ರ ಉಳಿಯುತ್ತದೆ.

ಆದ್ದರಿಂದ ಒಳ್ಳೆಯ ನಿಯಮಾವಳಿಗಳಲ್ಲಿ ನಾಲ್ಕು ಎಚ್ಚರಿಕೆಗಳಿರುತ್ತವೆ. ಸಮಿತಿಯ ಸದಸ್ಯರು ತಾವೇ ಅಭ್ಯರ್ಥಿಗಳಾಗುವಂತಿಲ್ಲ. ಸಾಧ್ಯವಿದ್ದಲ್ಲಿ ಪ್ರತಿ ಸ್ಥಾನಕ್ಕೂ ಒಂದಕ್ಕಿಂತ ಹೆಚ್ಚು ಹೆಸರು ಸೂಚಿಸಬೇಕು. ಅಭ್ಯರ್ಥಿಯ ಲಿಖಿತ ಒಪ್ಪಿಗೆ ಮತ್ತು ಕಿರುಪರಿಚಯ ಇರಬೇಕು. ಕೊನೆಯದಾಗಿ, ಸಮಿತಿ ಬಿಟ್ಟ ಹೆಸರನ್ನು ನಿಗದಿತ ಸಂಖ್ಯೆಯ ಸದಸ್ಯರು ಸಹಿ ಮಾಡಿ ಸೇರಿಸಲು ಬಾಗಿಲು ತೆರೆದಿರಬೇಕು. ಈ ಕೊನೆಯ ನಿಯಮ ಸಮಿತಿಯನ್ನು ಪ್ರಾಮಾಣಿಕವಾಗಿರಿಸುತ್ತದೆ.

ಅವಿರೋಧ ಆಯ್ಕೆ ತಪ್ಪೇನಲ್ಲ. ಎಲ್ಲರಿಗೂ ತಿಳಿದು, ಸಾಕಷ್ಟು ಸಮಯ ಕೊಟ್ಟು, ಬೇರೆ ಯಾರೂ ಬಾರದಿದ್ದರೆ ಅದು ಸದಸ್ಯರ ವಿಶ್ವಾಸದ ಗುರುತು. ಆದರೆ ಪ್ರಕಟಣೆಯೇ ತಲುಪದೆ ಆದ ಅವಿರೋಧ ಆಯ್ಕೆ ವಿಶ್ವಾಸದ ಗುರುತಾಗಲಾರದು.

ಮತ ಒಂದೇ, ಫಲಿತಾಂಶ ಮೂರು

ಈಗ ಎಣಿಕೆಗೆ ಬರೋಣ. ಕೋಲಾರ ಜಿಲ್ಲೆಯ ವಿಜ್ಞಾನ ಶಿಕ್ಷಕರ ಒಂದು ಸಂಘವಿದೆ, ಅದರಲ್ಲಿ 45 ಸದಸ್ಯರಿದ್ದಾರೆ ಎಂದು ಭಾವಿಸೋಣ. ಅಧ್ಯಕ್ಷ ಸ್ಥಾನಕ್ಕೆ ಕೋಲಾರ, ಮಾಲೂರು ಮತ್ತು ನಂಗಲಿಯಿಂದ ಒಬ್ಬೊಬ್ಬರು ಅಭ್ಯರ್ಥಿಗಳು. ಅವರನ್ನು ಆಯಾ ಊರಿನ ಹೆಸರಿನಿಂದಲೇ ಕರೆಯೋಣ. ಸದಸ್ಯರ ಇಷ್ಟದ ಕ್ರಮ ಹೀಗಿದೆ:

18 ಮಂದಿ: ಮೊದಲು ಕೋಲಾರ, ನಂತರ ನಂಗಲಿ, ಕೊನೆಗೆ ಮಾಲೂರು
15 ಮಂದಿ: ಮೊದಲು ಮಾಲೂರು, ನಂತರ ನಂಗಲಿ, ಕೊನೆಗೆ ಕೋಲಾರ
12 ಮಂದಿ: ಮೊದಲು ನಂಗಲಿ, ನಂತರ ಮಾಲೂರು, ಕೊನೆಗೆ ಕೋಲಾರ

ವಿಧಾನ 1: ಹೆಚ್ಚು ಮತ ಪಡೆದವರ ಗೆಲುವು. ಪ್ರತಿಯೊಬ್ಬರಿಗೂ ಒಂದೇ ಗುರುತು ಹಾಕುವ ಅವಕಾಶ. ಕೋಲಾರಕ್ಕೆ 18, ಮಾಲೂರಿಗೆ 15, ನಂಗಲಿಗೆ 12. ಕೋಲಾರ ಗೆಲ್ಲುತ್ತದೆ. ಆದರೆ 27 ಮಂದಿ, ಅಂದರೆ ಶೇಕಡ 60ರಷ್ಟು ಸದಸ್ಯರು, ಅದನ್ನು ಕೊನೆಯ ಸ್ಥಾನದಲ್ಲಿಟ್ಟಿದ್ದಾರೆ!

ವಿಧಾನ 2: ವರ್ಗಾವಣೆಯಾಗುವ ಮತ. ಇಲ್ಲಿ ಗೆಲ್ಲಲು ಅರ್ಧಕ್ಕಿಂತ ಹೆಚ್ಚು, ಅಂದರೆ 23 ಮತ ಬೇಕು. ಮೊದಲ ಸುತ್ತಿನಲ್ಲಿ ಯಾರಿಗೂ ಅಷ್ಟಿಲ್ಲ. ಕಡಿಮೆ ಮತ ಪಡೆದ ನಂಗಲಿಯನ್ನು ಕೈಬಿಟ್ಟು, ಅದರ 12 ಮತಗಳನ್ನು ಅವುಗಳ ಎರಡನೆಯ ಪ್ರಾಶಸ್ತ್ಯದಂತೆ ಮಾಲೂರಿಗೆ ವರ್ಗಾಯಿಸಬೇಕು. ಈಗ ಮಾಲೂರು 27, ಕೋಲಾರ 18. ಮಾಲೂರು ಗೆಲ್ಲುತ್ತದೆ.

ವಿಧಾನ 3: ಜೋಡಿ ಹೋಲಿಕೆ. ಪ್ರತಿ ಇಬ್ಬರನ್ನು ಎದುರುಬದುರು ನಿಲ್ಲಿಸಿ ನೋಡುವುದು. ನಂಗಲಿ ಮತ್ತು ಕೋಲಾರದ ನಡುವೆ 27 ಮಂದಿ ನಂಗಲಿಯ ಕಡೆ, 18 ಮಂದಿ ಕೋಲಾರದ ಕಡೆ. ನಂಗಲಿ ಮತ್ತು ಮಾಲೂರಿನ ನಡುವೆ 30 ಮಂದಿ ನಂಗಲಿಯ ಕಡೆ, 15 ಮಂದಿ ಮಾಲೂರಿನ ಕಡೆ. ಇಬ್ಬರನ್ನೂ ಸೋಲಿಸಿದ ನಂಗಲಿ ಗೆಲ್ಲುತ್ತದೆ. ಮೊದಲ ಎರಡು ವಿಧಾನಗಳಲ್ಲಿ ಕೊನೆಯ ಸ್ಥಾನದಲ್ಲಿದ್ದುದು ಇದೇ ನಂಗಲಿ!

ಮೊದಲ ಪ್ರಾಶಸ್ತ್ಯಕ್ಕೆ 2, ಎರಡನೆಯದಕ್ಕೆ 1, ಮೂರನೆಯದಕ್ಕೆ 0 ಎಂದು ಅಂಕ ಕೊಟ್ಟು ಕೂಡಿದರೂ ನಂಗಲಿಗೆ 57, ಮಾಲೂರಿಗೆ 42, ಕೋಲಾರಕ್ಕೆ 36 ಅಂಕ ಬರುತ್ತವೆ. ಒಬ್ಬ ಸದಸ್ಯರೂ ಮನಸ್ಸು ಬದಲಿಸಿಲ್ಲ, ಯಾರೂ ಮೋಸ ಮಾಡಿಲ್ಲ. ಎಣಿಸುವ ವಿಧಾನ ಬದಲಾದಾಗ ಅಧ್ಯಕ್ಷರೂ ಬದಲಾದರು.

ಈ ಲೆಕ್ಕದ ಇತಿಹಾಸ

ಈ ಪ್ರಶ್ನೆಯನ್ನು ಆಳವಾಗಿ ಚರ್ಚಿಸಿದ್ದು ಒಂದು ವೈಜ್ಞಾನಿಕ ಸಂಸ್ಥೆಯೇ ಎಂಬುದು ಸ್ವಾರಸ್ಯಕರ. 18ನೇ ಶತಮಾನದಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಸದಸ್ಯರಾಗಿದ್ದ ಗಣಿತಜ್ಞ ಬೋರ್ಡಾ ಅವರು ಅಂಕ ಕೂಡುವ ವಿಧಾನವನ್ನು ಸೂಚಿಸಿದರು. ಅಕಾಡೆಮಿಯು ಕೆಲಕಾಲ ಅದನ್ನು ಸದಸ್ಯರ ಆಯ್ಕೆಗೆ ಬಳಸಿತು. ಅದೇ ಅಕಾಡೆಮಿಯ ಕಾರ್ಯದರ್ಶಿಯಾಗಿದ್ದ ಕಾಂಡಾರ್ಸೆ 1785ರಲ್ಲಿ ಜೋಡಿ ಹೋಲಿಕೆಯನ್ನು ವಿಶ್ಲೇಷಿಸಿ, ಅದರ ಒಂದು ತೊಡಕನ್ನೂ ತೋರಿಸಿದರು. ಕೆಲವೊಮ್ಮೆ ಕ ಎಂಬವರು ಖ ಅವರನ್ನು, ಖ ಅವರು ಗ ಅವರನ್ನು, ಗ ಅವರು ಮತ್ತೆ ಕ ಅವರನ್ನು ಸೋಲಿಸುವ ಸುತ್ತು ಉಂಟಾಗಬಹುದು. ಆಗ ಗೆದ್ದವರೇ ಇರುವುದಿಲ್ಲ.

1951ರಲ್ಲಿ ಅರ್ಥಶಾಸ್ತ್ರಜ್ಞ ಕೆನೆತ್ ಆರೋ ಇದನ್ನು ಸಾಮಾನ್ಯೀಕರಿಸಿದರು. ಮೂವರು ಅಥವಾ ಹೆಚ್ಚು ಅಭ್ಯರ್ಥಿಗಳಿದ್ದಾಗ, ನಾವು ಸಹಜವಾಗಿ ಬಯಸುವ ಕೆಲವು ಷರತ್ತುಗಳನ್ನೆಲ್ಲ ಏಕಕಾಲದಲ್ಲಿ ಪೂರೈಸುವ ಪ್ರಾಶಸ್ತ್ಯ ವಿಧಾನ ಯಾವುದೂ ಇಲ್ಲ ಎಂದು ಅವರು ಸಾಧಿಸಿದರು. 1972ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು.

ವೃತ್ತಿ ಸಂಘಗಳು ಇನ್ನೊಂದು ಸರಳ ವಿಧಾನವನ್ನೂ ಪ್ರಯೋಗಿಸಿವೆ. ಅದು ಒಪ್ಪಿಗೆ ಮತ. ತಮಗೆ ಒಪ್ಪಿಗೆಯಾದ ಎಲ್ಲ ಅಭ್ಯರ್ಥಿಗಳಿಗೂ ಗುರುತು ಹಾಕಬಹುದು, ಹೆಚ್ಚು ಗುರುತು ಪಡೆದವರು ಗೆಲ್ಲುತ್ತಾರೆ. ಅಮೆರಿಕದ ಗಣಿತ ಸಂಘಗಳು ಇದನ್ನು ಬಳಸಿವೆ. ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐಇಇಇ 1987ರಲ್ಲಿ ಇದನ್ನು ಒಪ್ಪಿ, 2002ರಲ್ಲಿ ಕೈಬಿಟ್ಟಿತು. ಮಂಡಳಿ ಸೂಚಿಸಿದ ಅಭ್ಯರ್ಥಿಗಳ ನಡುವೆ ಮತ ಒಡೆದು, ಸಹಿ ಸಂಗ್ರಹಿಸಿ ಕಣಕ್ಕಿಳಿದವರು ಗೆಲ್ಲಬಹುದೆಂಬ ಆತಂಕವೇ ಅದನ್ನು ತರಲು ಕಾರಣವಾಗಿತ್ತು. ಅಂದರೆ ವಿಧಾನದ ಆಯ್ಕೆಯ ಹಿಂದೆಯೂ ಹಿತಾಸಕ್ತಿ ಇರಬಲ್ಲದು.

ನಮ್ಮ ದೇಶದಲ್ಲಿ ರಾಷ್ಟ್ರಪತಿಯ ಚುನಾವಣೆ ವರ್ಗಾವಣೆಯಾಗುವ ಮತದ ವಿಧಾನದಲ್ಲೇ ನಡೆಯುತ್ತದೆ. 1969ರಲ್ಲಿ ಗೆಲುವಿಗೆ 4,18,169 ಮತಮೌಲ್ಯ ಬೇಕಿತ್ತು. ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ.ವಿ. ಗಿರಿ ಅವರಿಗೆ ಮೊದಲ ಎಣಿಕೆಯಲ್ಲಿ 4,01,515 ಬಂತು. ಉಳಿದ ಅಭ್ಯರ್ಥಿಗಳ ಮತಪತ್ರಗಳು ವರ್ಗಾವಣೆಯಾದ ಮೇಲೆ 4,20,077 ಆಗಿ ಅವರು ಗೆದ್ದರು.

ಗುಟ್ಟು ಉಳಿಸುವ ಲಕೋಟೆ

ಕೈ ಎತ್ತಿ ಮತ ಹಾಕುವ ಸಭೆಯಲ್ಲಿ ಹಿರಿಯರೆದುರು ಕಿರಿಯರ ಕೈ ಮೇಲೇಳುವುದು ಕಷ್ಟ. ಆದ್ದರಿಂದ ರಹಸ್ಯ ಮತದಾನ ಬೇಕು. ದೂರದ ಸದಸ್ಯರಿಗೆ ಅಂಚೆ ಮತ ಒಂದು ದಾರಿ. ಮತಪತ್ರವನ್ನು ಹೆಸರಿಲ್ಲದ ಒಳಲಕೋಟೆಯಲ್ಲಿಟ್ಟು, ಅದನ್ನು ಹೆಸರು, ಸಹಿ ಇರುವ ಹೊರಲಕೋಟೆಯಲ್ಲಿ ಕಳಿಸಬೇಕು. ಚುನಾವಣಾಧಿಕಾರಿ ಹೊರಲಕೋಟೆ ನೋಡಿ ಸದಸ್ಯರ ಪಟ್ಟಿಯಲ್ಲಿ ಗುರುತು ಹಾಕುತ್ತಾರೆ. ನಂತರ ಒಳಲಕೋಟೆಗಳನ್ನೆಲ್ಲ ಬೆರೆಸಿ ಒಡೆಯುತ್ತಾರೆ. ಯಾರು ಮತ ಹಾಕಿದರು ಎಂಬುದು ಗೊತ್ತಾಗುತ್ತದೆ, ಯಾರಿಗೆ ಎಂಬುದು ಗೊತ್ತಾಗುವುದಿಲ್ಲ. ಗಣಕಯಂತ್ರದ ಮೂಲಕ ನಡೆಸುವ ಮತದಾನದಲ್ಲೂ ಈ ಎರಡು ಮಾಹಿತಿಗಳನ್ನು ಬೇರ್ಪಡಿಸುವುದೇ ಮುಖ್ಯ.

ಚುನಾವಣಾಧಿಕಾರಿ ಅಭ್ಯರ್ಥಿಯಾಗಿರಬಾರದು. ಮತ ಸಮನಾದರೆ ಏನು ಮಾಡಬೇಕು, ಮತಪತ್ರಗಳನ್ನು ಎಷ್ಟು ದಿನ ಕಾಪಾಡಬೇಕು, ಆಕ್ಷೇಪಣೆಯನ್ನು ಯಾರು ಕೇಳಬೇಕು ಎಂಬುದನ್ನು ಮೊದಲೇ ಬರೆದಿಡಬೇಕು. ವಿವಾದ ಎದ್ದ ಮೇಲೆ ನಿಯಮ ಬರೆಯಲು ಹೊರಟರೆ ಪ್ರತಿ ವಾಕ್ಯವೂ ಒಬ್ಬರ ಪರವಾಗಿಯೋ ವಿರುದ್ಧವಾಗಿಯೋ ಕಾಣುತ್ತದೆ. ಜಗಳ ಬೆಳೆದರೆ ನೋಂದಣಾಧಿಕಾರಿ ವಿಚಾರಣೆ ನಡೆಸಬಹುದು, ಸರ್ಕಾರ ಆಡಳಿತಾಧಿಕಾರಿಯನ್ನು ನೇಮಿಸಲೂ ಕಾಯಿದೆಯಲ್ಲಿ ಅವಕಾಶವಿದೆ. ಆಗ ಸಂಘ ಸದಸ್ಯರ ಕೈತಪ್ಪಿ ಹೋಗುತ್ತದೆ.

ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ. ಅವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಸಾರ್ವಜನಿಕ ಜೀವನಕ್ಕೂ ಶಿಕ್ಷಣ ಬೇಕು ಎಂಬುದು ಅದರ ಹಿಂದಿನ ನಂಬಿಕೆ. ಆ ಶಿಕ್ಷಣವನ್ನು ಶಾಲೆಯ ವಿಜ್ಞಾನ ಸಂಘದಲ್ಲೇ ಆರಂಭಿಸಬಹುದು.

ಮಾಡಿ ನೋಡಿ

ನಿಮ್ಮ ತರಗತಿಯ ವಿಜ್ಞಾನ ಸಂಘಕ್ಕೆ ಕಾರ್ಯದರ್ಶಿಯನ್ನು ಆರಿಸುವಾಗ ಮೂವರು ಅಥವಾ ನಾಲ್ವರು ಅಭ್ಯರ್ಥಿಗಳಿರಲಿ. ಪ್ರತಿ ವಿದ್ಯಾರ್ಥಿಯೂ ಚೀಟಿಯಲ್ಲಿ ಎಲ್ಲರಿಗೂ ಪ್ರಾಶಸ್ತ್ಯದ ಅಂಕಿ ಬರೆಯಲಿ. ಚೀಟಿಗಳನ್ನು ಬಿಡಿಸುವ ಮೊದಲು ಯಾವ ವಿಧಾನದ ಫಲಿತಾಂಶ ಅಂತಿಮ ಎಂಬುದನ್ನು ಕರಿಹಲಗೆಯ ಮೇಲೆ ಬರೆಯಿರಿ. ನಂತರ ಅವೇ ಚೀಟಿಗಳನ್ನು ಮೇಲೆ ಹೇಳಿದ ನಾಲ್ಕೂ ಬಗೆಯಲ್ಲಿ ಎಣಿಸಿ. ಫಲಿತಾಂಶ ಒಂದೇ ಬಂದರೆ ಅಭ್ಯರ್ಥಿಗೆ ವ್ಯಾಪಕ ಬೆಂಬಲವಿದೆ ಎನ್ನಬಹುದು. ಬೇರೆ ಬೇರೆ ಬಂದರೆ, ಎಣಿಸುವ ಮೊದಲೇ ವಿಧಾನವನ್ನು ಬರೆದಿಟ್ಟದ್ದು ಎಷ್ಟು ಒಳ್ಳೆಯದಾಯಿತು ಎಂಬುದು ವಿದ್ಯಾರ್ಥಿಗಳಿಗೆ ತಾನಾಗಿಯೇ ತಿಳಿಯುತ್ತದೆ.