ಮೋಟಾರಿನ ದೀಪಕ್ಕೂ ಬಣ್ಣಕ್ಕೂ ರಕ್ಷಾಪೊರೆ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾವೇ ಮೋಟಾರು ನಡಿಸುವವರಾದುದರಿಂದ ಈ ಕೆಲವು ಮಾತುಗಳನ್ನು ಬರೆಯುತ್ತೇವೆ.

ಮೋಟಾರಿನ ಮುಂದೀಪಗಳ ಮುಚ್ಚಳವು ಹಿಂದೆ ಗಾಜಿನದಾಗಿತ್ತು. ಈಗ ಬಹುಮಟ್ಟಿಗೆ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನದು. ಇದು ಹಗುರವೂ ಸುಲಭವಾಗಿ ಒಡೆಯದಂಥದೂ ಆಗಿದ್ದರೂ, ಮೇಲಣ ಗಟ್ಟಿ ಲೇಪವು ಸವೆದ ಬಳಿಕ ಬಿಸಿಲಿನ ಅತಿನೇರಳೆ ಕಿರಣಗಳಿಂದ ಹಳದಿಗಟ್ಟಿ ಮಸುಕಾಗುವುದು. ಆಗ ದಾರಿಗೆ ಬೀಳತಕ್ಕ ಬೆಳಕು ಕುಂದಿ, ಇರುಳಲ್ಲಿ ನಡೆದುಹೋಗುವವರು ಚಾಲಕರಿಗೆ ತಡವಾಗಿ ಕಾಣಿಸುವರು.

ಇದನ್ನು ತಡೆಯಲು ಫಿಲ್ಮೆಂದು ಕರೆಯುವ, ಪಾಲಿಯುರೆಥೇನಿನ ಪಾರದರ್ಶಕ ಪೊರೆಯನ್ನು ಅಂಟಿಸುವ ಪದ್ಧತಿಯುಂಟು. ಇದರ ದಪ್ಪವು ಸಾಮಾನ್ಯವಾಗಿ 150ರಿಂದ 200 ಮೈಕ್ರಾನ್. ಗಾಡಿಯ ಮೈಗೆ ಹಚ್ಚಿದರೆ, ಸಿಡಿದು ಬರುವ ಜಲ್ಲಿಕಲ್ಲಿನ ಪೆಟ್ಟನ್ನು ತಾನೇ ತಾಳಿಕೊಂಡು ಬಣ್ಣವನ್ನು ಉಳಿಸುವುದು. ಉತ್ತಮ ಪೊರೆಯ ಮೇಲಾದ ನವಿರು ಗೀರುಗಳು ಬಿಸಿಲಿನ ಕಾವಿಗೆ ತಾವಾಗಿ ಮಾಯುವುವು.

ಆದರೂ ಎರಡು ಎಚ್ಚರಿಕೆಗಳು ಅವಶ್ಯ. ಮಸುಕಾದ ದೀಪಕ್ಕೆ ಪೊರೆಯು ಔಷಧವಲ್ಲ. ಮೊದಲು ಅದನ್ನು ನಯವಾಗಿ ಉಜ್ಜಿಸಿ ತಿಳಿಯಾಗಿಸಬೇಕು. ಅಂದಕ್ಕೆಂದು ದೀಪಗಳಿಗೆ ಕಪ್ಪು ಪೊರೆಯನ್ನು ಹಚ್ಚಿಸುವುದಂತೂ ಸರ್ವಥಾ ಸಲ್ಲದು. ಬಣ್ಣ ಕೆಟ್ಟರೆ ಗಾಡಿಯ ಚಂದ ಹೋಗುವುದು; ಬೆಳಕು ಕುಂದಿದರೆ ದಾರಿಹೋಕರ ಪ್ರಾಣಕ್ಕೇ ಅಪಾಯ. ಆದುದರಿಂದ ಕೈಯಲ್ಲಿರುವ ಹಣವು ಅಲ್ಪವಾಗಿದ್ದರೆ ಬಣ್ಣವನ್ನು ಬಿಟ್ಟು ಮೊದಲು ದೀಪಗಳನ್ನು ನೋಡಿಕೊಳ್ಳಬೇಕೆಂದು ನಮ್ಮ ವಿಜ್ಞಾಪನೆ.